ಒಂದಕ್ಷರ ಬಿಡದೆ

ದುಭಾಷಿಯಾಗುವುದನ್ನು ಕಲಿಯಲು ಅವಳು ಯಾವ ಕಾಲೇಜಿಗೂ ಹೋಗಲಿಲ್ಲ. ಅಡುಗೆಮನೆಯ ಹೊಸ್ತಿಲೇ ಅವಳ ಕಾಲೇಜು. ಹೊಸ್ತಿಲಿನ ಆಚೆ ಒಲೆಯ ಮುಂದೆ ಅಮ್ಮ, ಈಚೆ ಕುರ್ಚಿಯ ಮೇಲೆ ಅಜ್ಜಿ. ಅಮ್ಮ ಗಡಿಯಾಚೆಯ ದೇಶದವಳು. ಲಾರಿ ಓಡಿಸುತ್ತಿದ್ದ ಅಪ್ಪ ಒಮ್ಮೆ ಆ ಕಡೆ ಸರಕು ಇಳಿಸಲು ಹೋದವನು ಬರುವಾಗ ಹೆಂಡತಿಯನ್ನು ಹತ್ತಿಸಿಕೊಂಡು ಬಂದ. ಅವಳನ್ನು ತನ್ನ ತಾಯಿಯ ಮನೆಯಲ್ಲಿ ಇಳಿಸಿ ಮತ್ತೆ ಲಾರಿ ಹತ್ತಿದ. ಆಮೇಲೆ ಮನೆಯಲ್ಲಿ ಅವನ ಮುಖ ಕಂಡದ್ದು ಅಪರೂಪ. ಅತ್ತೆಗೆ ಸೊಸೆಯ ಭಾಷೆ ಬಾರದು, ಸೊಸೆಗೆ ಅತ್ತೆಯ ಭಾಷೆ ಬಾರದು. ಎರಡೂ ಬರುತ್ತಿದ್ದದ್ದು ಅವರಿಬ್ಬರ ನಡುವೆ ಬೆಳೆದ ಈ ಒಂದು ಮಗುವಿಗೆ ಮಾತ್ರ.

ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ. ಅಜ್ಜಿಯ ನಾಲಿಗೆಗೆ ಎಲುಬಿರಲಿಲ್ಲ ನಿಜ, ಆದರೆ ಹಲ್ಲಿತ್ತು.

"ಹೋಗಿ ಹೇಳು ನಿನ್ನ ತಾಯಿಗೆ, ಅವಳು ಮಾಡಿದ್ದನ್ನ ನಾಯಿ ಕೂಡ ಮೂಸಲ್ಲ ಅಂತ."

ಮಗು ಹೊಸ್ತಿಲು ದಾಟಿ ಅಮ್ಮನ ಭಾಷೆಯಲ್ಲಿ ಹೇಳುತ್ತಿತ್ತು: "ಅಜ್ಜಿಗೆ ಹಸಿವಿಲ್ವಂತೆ ಅಮ್ಮ."

"ಅಷ್ಟು ಹೇಳೋಕೆ ಅಷ್ಟು ಜೋರಾಗಿ ಕೂಗಬೇಕಾ?"

"ಹಲ್ಲುನೋವಂತೆ."

ಪಾಪ, ಅಮ್ಮ ಉಪ್ಪುನೀರು ಕಾಯಿಸಿ ಲೋಟದಲ್ಲಿ ತಂದು ಅತ್ತೆಯ ಮುಂದೆ ಇಡುತ್ತಿದ್ದಳು. ಅಜ್ಜಿ ಲೋಟವನ್ನೂ ಸೊಸೆಯನ್ನೂ ಮಿಕಮಿಕ ನೋಡುತ್ತಿದ್ದಳು. "ಇವಳಿಗೇನು ತಲೆ ಕೆಟ್ಟಿದ್ಯಾ? ಬೈದಷ್ಟೂ ಬಿಸಿನೀರು ತರ್ತಾಳಲ್ಲ!" ಮಗು ಅದಕ್ಕೂ ಉತ್ತರ ಹೊಂದಿಸಿಕೊಂಡಿತ್ತು: "ನಿಮ್ಮ ಕಾಲುನೋವಿಗೆ ಅಂತೆ ಅಜ್ಜಿ, ಸುರ್ಕೊಳ್ಬೇಕಂತೆ."

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಅಪ್ಪ ಮಗಳನ್ನು ಕಂಡಾಗಲೆಲ್ಲ ಹೇಳುತ್ತಿದ್ದ. ಅವಳನ್ನು 'ಸಕ್ಕರೆ' ಎಂದು ಕರೆಯುತ್ತಿದ್ದ. ಅತ್ತೆ ಸೊಸೆ ಜುಟ್ಟು ಹಿಡಿದುಕೊಳ್ಳದೆ ಇರುವ ಮನೆ ಇಡೀ ಬೀದಿಯಲ್ಲಿ ತನ್ನದೊಂದೇ ಎಂದು ಲಾರಿ ಕ್ಲೀನರನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಒಂದು ದಿನ ಸೋದರಮಾವ ಬಂದ. ತಂಗಿಯನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದ. ಮಾತಿಲ್ಲದ ಮನೆಯಲ್ಲಿ ಕೂತು ಕೂತು ಅಮ್ಮ ಬತ್ತಿಹೋಗಿದ್ದಳು; ತಾನೇ ಯಾರ ಕೈಯಲ್ಲೋ ಹೇಳಿ ಕಳಿಸಿ ಅಣ್ಣನನ್ನು ಕರೆಸಿಕೊಂಡಿದ್ದಳು. ಟ್ರಂಕು ತುಂಬಿಟ್ಟು, ಅತ್ತೆಯ ಮುಂದೆ ನಿಂತು, ಮಗಳ ಬಾಯಿಂದ ಕೇಳಿಸಿದಳು: ನಾನು ಹೋಗಲಾ?

ಅಜ್ಜಿ ಒಂದೇ ಉಸಿರಿಗೆ ಹೇಳಿದಳು: "ತೊಲಗ್ಲಿ. ಪೀಡೆ ಹೋಯ್ತು ಅಂತ ಮನೆ ತೊಳೆಸ್ತೀನಿ. ಆದ್ರೆ ನೀನೆಲ್ಲೂ ಹೋಗೋ ಹಾಗಿಲ್ಲ, ನೀನು ನಮ್ಮ ರಕ್ತ. ಅವಳೊಬ್ಬಳೇ ಹೋಗ್ಲಿ."

ಆ ದಿನದ ಆ ಗಳಿಗೆ ದೊಡ್ಡವಳಾದ ಮೇಲೂ ಅವಳಿಗೆ ನೆನಪಿತ್ತು. ಅಮ್ಮ ಟ್ರಂಕಿನ ಹಿಡಿ ಹಿಡಿದು ನಿಂತಿದ್ದಾಳೆ. ಅಜ್ಜಿ ಸೆರಗಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತಿದ್ದಾಳೆ. ಮಗು ಅಮ್ಮನ ಕಡೆ ತಿರುಗಿ ಹೇಳಿತು: "ನೀನು ಹೋದ್ರೆ ಈ ಮನೇಲಿ ದೀಪ ಹಚ್ಚೋರು ಯಾರು ಅಂತ ಕೇಳ್ತಿದಾರೆ. ನೋಡು, ಅಳ್ತಿದಾರೆ."

ಅಮ್ಮ ಅತ್ತೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಟ್ರಂಕು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಕಪಾಟಿಗೆ ಮರಳಿಸಿದಳು. ಮಾವ ಸಂಜೆಯ ಬಸ್ಸಿಗೆ ಒಬ್ಬನೇ ಹೋದ, ಮತ್ತೆ ಬರಲಿಲ್ಲ. ಪೇಟೆಗೆ ಹೋಗಿ ಬಂದು ಅಮ್ಮ ಊರಿನ ಭಾಷೆ ಅಷ್ಟಿಷ್ಟು ಕಲಿಯುವ ಹೊತ್ತಿಗೆ ಅಜ್ಜಿಗೆ ಲಕ್ವ ಹೊಡೆದು ಮಾತೇ ನಿಂತಿತ್ತು. ಅಮ್ಮ ಅವಳನ್ನು ಸಾಯುವವರೆಗೂ ಮಗುವಿನ ಹಾಗೆ ನೋಡಿಕೊಂಡಳು. ಚಮಚದಲ್ಲಿ ಉಣಿಸಿದಳು, ಮಗ್ಗುಲು ಬದಲಿಸಿದಳು, ಮಲ ಬಳಿದಳು. ಯಾಕಮ್ಮ ಇಷ್ಟು ಒದ್ದಾಡ್ತೀಯ ಎಂದು ಯಾರಾದರೂ ಕೇಳಿದರೆ, "ಅವತ್ತು ನನಗೋಸ್ಕರ ಅತ್ತ ಜೀವ ಅದು" ಅನ್ನುತ್ತಿದ್ದಳು.

ಮಗಳು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಒಳಗೊಳಗೇ ಹೆಮ್ಮೆಯೂ ಪಡುತ್ತಿದ್ದಳು.

ಇಂಥವಳಿಗೆ ಕೆಲಸಕ್ಕೇನು ಬರ? ದೊಡ್ಡಾಸ್ಪತ್ರೆಯಲ್ಲಿ ಗಡಿಯಾಚೆಯಿಂದ ಬರುವ ರೋಗಿಗಳಿಗೆ ದುಭಾಷಿಯಾದಳು. ಡಾಕ್ಟರು "ಇನ್ನು ಕಷ್ಟ" ಅಂದರೆ ಅವಳ ಬಾಯಲ್ಲಿ ಅದು "ಸ್ವಲ್ಪ ಸಮಯ ಹಿಡಿಯುತ್ತೆ" ಆಗುತ್ತಿತ್ತು. ರೋಗಿಯ ಮಗ ಡಾಕ್ಟರನ್ನು ಕಟುಕ ಅಂದರೆ "ತುಂಬಾ ಸಂಕಟದಲ್ಲಿದಾರೆ ಸಾರ್" ಆಗುತ್ತಿತ್ತು. ನರ್ಸುಗಳಿಗೆ ಅವಳೇ ಬೇಕು. ಅವಳಿದ್ದ ವಾರ್ಡಿನಲ್ಲಿ ಗಲಾಟೆಯಿಲ್ಲ, ಕೂಗಾಟವಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬೇಕಂತೆ. ತಾನು ಒಂದೊಂದೇ ಸುಳ್ಳಿನಲ್ಲಿ ಒಂದೊಂದು ಮನೆ ಉಳಿಸುತ್ತಿದ್ದೇನೆಂದು ಅವಳು ನಂಬಿದ್ದಳು. ಸ್ವಂತ ಮದುವೆಗೆ ಮಾತ್ರ ಪುರುಸೊತ್ತಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ಆ ಮನೆಯೊಳಗೆ ಅಮ್ಮನ ಭಾಷೆ ಬಿಟ್ಟು ಬೇರೆ ಭಾಷೆಯಿರಲಿಲ್ಲ.

ಅಂತಾರಾಷ್ಟ್ರೀಯ ಸುಂದರಿಯರ ಸ್ಪರ್ಧೆ ಆ ವರ್ಷ ಆ ಊರಿಗೇ ಬಂತು. ಅಮ್ಮನ ದೇಶದಿಂದಲೂ ಒಬ್ಬ ಹುಡುಗಿ ಬಂದಿದ್ದಳು. ಅವಳಿಗೊಬ್ಬ ದುಭಾಷಿ ಬೇಕೆಂದು ಆಸ್ಪತ್ರೆಗೆ ಫೋನು ಬಂದಾಗ ನರ್ಸುಗಳೆಲ್ಲ ಸೇರಿ ಇವಳಿಗೆ ಹೊಸ ಚಪ್ಪಲಿ ಕೊಡಿಸಿ ಕಳಿಸಿದರು. "ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತಂತೆ, ಹೋಗಿ ಬನ್ನಿ ಅಕ್ಕ" ಎಂದು ನಕ್ಕರು.

ಸ್ವರ್ಗವೆಂದರೆ ಒಂದು ದೊಡ್ಡ ಹೋಟೆಲಿನ ಮೇಲಿನ ಮಹಡಿಗಳು. ಕಾರಿಡಾರಿನ ತುಂಬ ಕೂದಲಿಗೆ ಹೊಡೆಯುವ ಸ್ಪ್ರೇಯ ವಾಸನೆ. ಲೋಕದ ದೇಶಗಳಿಗೆಲ್ಲ ಸೇರಿ ಒಂದೇ ಒಂದು ಸೊಂಟವಿದೆ, ಅದನ್ನೇ ಈ ಹುಡುಗಿಯರು ಸರದಿಯ ಮೇಲೆ ಹಾಕಿಕೊಳ್ಳುತ್ತಾರೆ ಅನ್ನಿಸುತ್ತಿತ್ತು ಅವಳಿಗೆ. ನಗು ಜಾರಿಹೋಗದಿರಲೆಂದು ಹಲ್ಲಿಗೆ ವ್ಯಾಸಲೀನು ಸವರುತ್ತಿದ್ದರು. ಬಟ್ಟೆ ಜಾರದಿರಲೆಂದು ಚರ್ಮಕ್ಕೆ ಟೇಪು ಅಂಟಿಸುತ್ತಿದ್ದರು. ರಾತ್ರಿ ಅದನ್ನು ಕೀಳುವಾಗ ಒಂದೊಂದು ಕೋಣೆಯಿಂದಲೂ 'ಹಾ' ಎಂಬ ಸದ್ದು ಕೇಳುತ್ತಿತ್ತು. ಊಟವೆಂದರೆ ಬೇಯಿಸಿದ ಮೊಟ್ಟೆಯ ಬಿಳಿ ಭಾಗ, ಸೌತೆಕಾಯಿ, ನೀರು. ಹಳದಿ ಭಾಗವನ್ನು ಮೇಲ್ವಿಚಾರಕಿ ತಾನೇ ಚಮಚದಲ್ಲಿ ಎತ್ತಿ ಬೇರೆ ತಟ್ಟೆಗೆ ಹಾಕುತ್ತಿದ್ದಳು, ಯಾರಾದರೂ ಕದ್ದಾರೆಂದು.

ಇವಳ ಪಾಲಿಗೆ ಬಂದ ಹುಡುಗಿ ಎತ್ತರಕ್ಕೆ, ತೆಳ್ಳಗೆ, ಉದ್ದ ಕಾಲಿನವಳು. ಮನೆಯಲ್ಲಿ ತಮ್ಮಂದಿರು ಅವಳನ್ನು ಕೊಕ್ಕರೆ ಅನ್ನುತ್ತಿದ್ದರಂತೆ. ಮೊದಲ ದಿನವೇ ಇವಳ ಬಾಯಿಂದ ತನ್ನ ಭಾಷೆ ಕೇಳಿ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. "ಅಕ್ಕಾ, ನೀವು ಮಾತಾಡಿದ್ರೆ ನಮ್ಮಮ್ಮ ಪಕ್ಕದ ಕೋಣೇಲಿದ್ದ ಹಾಗಿದೆ" ಅಂದಳು. ಇನ್ನೂ ಮೀಸೆ ಮೂಡದ ತಮ್ಮಂದಿರ ಬಗ್ಗೆ, ಮನೆಯ ಹಿಂದಿನ ರೈಲು ಹಳಿಯ ಬಗ್ಗೆ ಬಾಯಿ ತುಂಬ ಹೇಳುತ್ತಿದ್ದಳು. ಅವಳ ಮ್ಯಾನೇಜರು ಬಂದ ಕೂಡಲೇ ಬಾಯಿ ಮುಚ್ಚುತ್ತಿದ್ದಳು. ಅವನಿಗೆ ಎರಡೂ ಭಾಷೆ ಬರುತ್ತಿತ್ತು. ಒಳ್ಳೆಯ ಸೂಟು, ಮೆತ್ತಗಿನ ದನಿ. ಹುಡುಗಿಯ ಹಿಂದೆ ನಿಂತಾಗ ಅವಳ ಕುತ್ತಿಗೆಯ ಮೇಲೆ ಎರಡು ಬೆರಳಿಡುವುದು ಅವನ ಅಭ್ಯಾಸ.

ಹುಡುಗಿ ವಿಷಯ ಬಿಚ್ಚಿ ಹೇಳಿದ್ದು ಉಡುಪಿನ ಕೋಣೆಯಲ್ಲಿ, ಗೌನಿಗೆ ಇಸ್ತ್ರಿ ಆಗುತ್ತಿದ್ದಾಗ.

"ಅಕ್ಕಾ, ನಾನು ಸೋತ್ರೆ ಮಾರನೇ ದಿನವೇ ಮನೆಗೆ. ಗೆದ್ರೆ ಮೂರು ವರ್ಷ ಇವನು ಹೇಳಿದ ಕಡೆಯೆಲ್ಲ ಹೋಗ್ಬೇಕು. ಅಪ್ಪ ಸಹಿ ಹಾಕಿಬಿಟ್ಟಿದಾರೆ. ನಂಗೂ ಆಗ ಖುಷಿಯಾಗಿತ್ತು. ಇವನು ಯಾರ್ಯಾರ ಜೊತೆ ಊಟಕ್ಕೆ ಕೂರಿಸ್ತಾನೆ, ಊಟ ಆದ್ಮೇಲೆ ಏನು ಅಂತ ಆಮೇಲೆ ಗೊತ್ತಾಯ್ತು."

ದುಭಾಷಿ ನೆಲ ನೋಡಿದಳು. "ಹಾಗಾದ್ರೆ ಸೋತುಬಿಡು" ಅಂದಳು.

"ಸೋಲೋಕೂ ಬಿಡಲ್ಲ ಅಕ್ಕಾ. ಮೊನ್ನೆ ಮೆಟ್ಟಿಲ ಮೇಲೆ ಬೇಕಂತಲೇ ಎಡವಿದೆ. ಎಷ್ಟು ಮುದ್ದಾಗಿ ಬಿದ್ಲು ಅಂತ ಚಪ್ಪಾಳೆ ಹೊಡೆದ್ರು."

ಇಬ್ಬರೂ ನಕ್ಕರು. ನಗುತ್ತಲೇ ಹುಡುಗಿಗೆ ಅಳು ಬಂತು. ಮೇಲ್ವಿಚಾರಕಿಗೆ ಎಲ್ಲ ಹೇಳಿಬಿಡೋಣ, ನೀವೇ ಹೇಳಿ ಎಂದು ಎದ್ದುನಿಂತಳು. ಕಾರಿಡಾರಿನ ತುದಿಯಲ್ಲಿ ಮೇಲ್ವಿಚಾರಕಿ ಸಿಕ್ಕಳು. ಹುಡುಗಿ ಎದೆಯ ಮೇಲೆ ಕೈಯಿಟ್ಟುಕೊಂಡು ಗಡಗಡನೆ ಹೇಳಿದಳು. ಊಟದ ಮೇಜು, ಕುತ್ತಿಗೆಯ ಮೇಲಿನ ಬೆರಳು, ಮೂರು ವರ್ಷ, ಒಂದನ್ನೂ ಬಿಡಲಿಲ್ಲ.

"ಏನಂತೆ?" ಎಂದು ಮೇಲ್ವಿಚಾರಕಿ ಕೇಳಿದಳು. ಕೈಯಲ್ಲಿದ್ದ ಫೋನಿನಿಂದ ಕಣ್ಣೆತ್ತಿರಲಿಲ್ಲ.

ದುಭಾಷಿಯ ಗಂಟಲಿಗೆ ಆ ಮಾತುಗಳೆಲ್ಲ ಬಂದಿದ್ದವು. ಆದರೆ ಅಷ್ಟು ಕೆಟ್ಟ ಮಾತನ್ನು ಅವಳ ಬಾಯಿ ಯಾವತ್ತೂ ಆಡಿರಲಿಲ್ಲ. ರಂಪವಾಗುತ್ತದೆ, ಹುಡುಗಿಯ ಹೆಸರು ಕೆಡುತ್ತದೆ, ಮ್ಯಾನೇಜರು ಏನು ಮಾಡುತ್ತಾನೋ ಎಂದೆಲ್ಲ ಆ ಅರೆಗಳಿಗೆಯಲ್ಲೇ ಲೆಕ್ಕ ಹಾಕಿದಳು. "ಮನೆ ನೆನಪಾಗ್ತಿದೆಯಂತೆ ಮೇಡಂ" ಅಂದಳು.

ಮೇಲ್ವಿಚಾರಕಿ ಹುಡುಗಿಯ ಕೆನ್ನೆ ತಟ್ಟಿ ಹೊರಟುಹೋದಳು.

"ಏನಂದ್ರು ಅಕ್ಕಾ?"

"ನೋಡೋಣ ಅಂದ್ರು."

ಎರಡು ಕಡೆಗೂ ಸಕ್ಕರೆ. ಅವಳ ಕೈಚಳಕವೇ ಅದು. ಹುಡುಗಿ ಎರಡು ದಿನ ಕಾದಳು. ಯಾರೂ ನೋಡಲಿಲ್ಲ. ಫೈನಲ್ಲಿನ ಹಿಂದಿನ ದಿನ ಇವಳ ಎರಡೂ ಕೈ ಹಿಡಿದು ಕೇಳಿದಳು: "ನಾಳೆ ಕೊನೇ ಪ್ರಶ್ನೆಗೆ ನಾನೇನು ಹೇಳ್ತೀನೋ ಅದನ್ನೇ ಹೇಳ್ತೀರಲ್ಲ? ಒಂದಕ್ಷರ ಬಿಡದೆ?"

"ಒಂದಕ್ಷರ ಬಿಡದೆ" ಅಂದಳು ಇವಳು. ಆಣೆಯನ್ನೂ ಇಟ್ಟಳು, ಅಮ್ಮನ ಮೇಲೆ.

ಕೊನೆಯ ಪ್ರಶ್ನೆ ಎಂಬುದು ಒಂದು ದೊಡ್ಡ ನಾಟಕ. ಪ್ರಶ್ನೆ ಯಾವುದೇ ಬರಲಿ, ಉತ್ತರ ಮೊದಲೇ ಬಾಯಿಪಾಠ: ಶಾಂತಿ, ಮಕ್ಕಳು, ತಾಯಿಯ ತ್ಯಾಗ. ಹುಡುಗಿಯರು ಆ ಮೂರನ್ನು ಹಿಂದುಮುಂದು ಮಾಡಿ ಒಪ್ಪಿಸುತ್ತಾರೆ, ಪಕ್ಕದಲ್ಲಿ ನಿಂತ ದುಭಾಷಿಯರು ಅದಕ್ಕೆ ಹೊಳಪು ಕೊಟ್ಟು ಊರಿನ ಭಾಷೆಯಲ್ಲಿ ಹೇಳುತ್ತಾರೆ. ಹೊಳಪು ಕೊಡುವುದು ತಪ್ಪಲ್ಲ, ಅದಕ್ಕೇ ಅವರನ್ನು ಕರೆಸುವುದು. "ಅವಳು ತೊದಲಿದ್ರೂ ನೀವು ತೊದಲಬೇಡಿ" ಎಂದು ಮ್ಯಾನೇಜರು ಮೊದಲೇ ಹೇಳಿದ್ದ.

ಫೈನಲ್ ನಡೆದದ್ದು ಬೆಳಗ್ಗೆ. ಹೆಚ್ಚು ಜನ ನೋಡುವ ಯಾವುದೋ ದೂರದೇಶದಲ್ಲಿ ಆಗ ರಾತ್ರಿಯ ಊಟದ ಹೊತ್ತಂತೆ. ಅವರ ಊಟಕ್ಕೆ ಸರಿಯಾಗಿ ಈ ಹುಡುಗಿಯರು ಹಾಲಿನವನು ಬರುವ ಹೊತ್ತಿಗೇ ಮಿಣುಗುವ ಗೌನು ತೊಟ್ಟು ಸಾಲಾಗಿ ನಿಂತಿದ್ದರು. ಅಮ್ಮ ಮನೆಯಲ್ಲಿ ಟಿವಿಯ ಮುಂದೆ ಕೂತಿದ್ದಳು. ಮಗಳು ಕಾಣುವ ದಿನವಲ್ಲವೇ.

ಸುತ್ತುಗಳಾದವು. ಒಬ್ಬೊಬ್ಬರೇ ಉದುರಿ ಕೊನೆಗೆ ಕೆಲವೇ ಹುಡುಗಿಯರು ಉಳಿದರು, ಅವರಲ್ಲಿ ಕೊಕ್ಕರೆಯೂ ಒಬ್ಬಳು. ನಿರೂಪಕ ಅವಳನ್ನು ಮುಂದೆ ಕರೆದು ಕೇಳಿದ: "ಈ ಕ್ಷಣ ಇಡೀ ಜಗತ್ತು ನಿಮ್ಮ ಮಾತು ಕೇಳ್ತಾ ಇದೆ. ಏನು ಹೇಳೋಕೆ ಇಷ್ಟಪಡ್ತೀರಿ?"

ದುಭಾಷಿ ಅವಳ ಕಿವಿಯ ಹತ್ತಿರ ಅದನ್ನು ಹೇಳಿದಳು. ಪ್ರಶ್ನೆಯನ್ನು ಮಾತ್ರ ನಿಜಕ್ಕೂ ಒಂದಕ್ಷರ ಬಿಡದೆ ಹೇಳಿದಳು.

ಹುಡುಗಿ ಮೈಕು ಹಿಡಿದಳು. ನಗಲಿಲ್ಲ. ಮೂರೇ ಮಾತು ಹೇಳಿದಳು, ನಿಧಾನವಾಗಿ, ಇವಳಿಗೆ ಸುಲಭವಾಗಲೆಂದು ಒಂದೊಂದರ ನಡುವೆ ನಿಲ್ಲಿಸುತ್ತ.

"ನಂಗೆ ಹಸಿವಾಗಿದೆ. ನಂಗೆ ಮನೆಗೆ ಹೋಗ್ಬೇಕು. ದಯವಿಟ್ಟು ನನ್ನನ್ನ ಆರಿಸಬೇಡಿ."

ಹೇಳಿ ಇವಳ ಕಡೆ ತಿರುಗಿದಳು. ಮೈಕು ಇವಳ ಬಾಯಿಯ ಮುಂದೆ ಬಂತು. ಎದುರಿಗೆ ಕತ್ತಲೆಯಲ್ಲಿ ಸಾವಿರಾರು ತಲೆಗಳು, ಮೊದಲ ಸಾಲಿನಲ್ಲಿ ತೀರ್ಪುಗಾರರು, ಪಕ್ಕದ ಪರದೆಯ ಮರೆಯಲ್ಲಿ ಸುಣ್ಣದಂತೆ ಬಿಳಿಚಿಕೊಂಡ ಮ್ಯಾನೇಜರು. ಹೇಳಬೇಕಾದ್ದು ಮೂರೇ ಮಾತು. ಮಕ್ಕಳಿಗೂ ಬರುವಂಥ ಮಾತು. ಇಷ್ಟು ಜನರ ಮುಂದೆ ಈ ಮಗುವಿನ ಮಾನ ಹೋಗುತ್ತದಲ್ಲ, ಲೋಕವೆಲ್ಲ ನಗುತ್ತದಲ್ಲ ಎಂದು ಅವಳ ಜೀವ ಹಾರಿತು. ಆಗ, ಕೈ ಬಿಸಿ ಪಾತ್ರೆಯಿಂದ ತಾನಾಗಿ ಹಿಂದಕ್ಕೆ ಬರುವ ಹಾಗೆ, ಅವಳ ನಾಲಿಗೆ ತಾನಾಗಿ ಹೊರಳಿತು.

"ಜಗತ್ತಿನಲ್ಲಿ ಹಸಿದವರಿದ್ದಾರೆ. ಹೋಗಲು ಮನೆಯಿಲ್ಲದವರಿದ್ದಾರೆ. ದಯವಿಟ್ಟು ನನ್ನನ್ನು ಆರಿಸುವ ಮೊದಲು ಅವರನ್ನು ನೆನೆಯಿರಿ."

ಇಡೀ ಸಭಾಂಗಣ ಎದ್ದು ನಿಂತಿತು. ತೀರ್ಪುಗಾರ್ತಿಯೊಬ್ಬಳು ಕಣ್ಣೊರೆಸಿಕೊಂಡಳು. ಸತ್ಯ ಹೇಳಬೇಕೆಂದರೆ ಆ ಚಪ್ಪಾಳೆ ಕೇಳಿ ದುಭಾಷಿಯ ಮೈ ಜುಮ್ಮೆಂದಿತು. ಬದುಕಿಡೀ ಬೇರೆಯವರ ಮಾತು ಹೊತ್ತವಳಿಗೆ ಅದು ತನ್ನ ಮಾತಿಗೆ ಬಿದ್ದ ಮೊದಲ ಚಪ್ಪಾಳೆ. ನಾಚಿಕೆಗೇಡು, ಆದರೂ ನಿಜ.

ಹುಡುಗಿಯ ಮುಖದಲ್ಲಿ ನಗು ಅರಳಿತು. ವ್ಯಾಸಲೀನಿನ ನಗುವಲ್ಲ, ರೈಲು ಹಳಿಯ ಪಕ್ಕ ತಮ್ಮಂದಿರ ಜೊತೆ ನಗುತ್ತಿದ್ದಿರಬಹುದಾದ ನಗು. ಅಷ್ಟು ಜನ ತನ್ನ ಮಾತು ಕೇಳಿ ಒಪ್ಪಿದರು, ತನ್ನನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡಿತ್ತು ಆ ಪೆದ್ದು ಜೀವ. ಇವಳ ಕೈಯನ್ನು ಒತ್ತಿ ಹಿಡಿದು, "ದೇವರಂಥವರು ಅಕ್ಕಾ ನೀವು" ಅಂದಳು.

ಸ್ವಲ್ಪ ಹೊತ್ತಿಗೆ ಕಿರೀಟ ತಂದು ಅವಳ ತಲೆಯ ಮೇಲೆ ಇಟ್ಟರು.

ಮೊದಲು ಅವಳಿಗೆ ತಿಳಿಯಲಿಲ್ಲ. ಯಾರೋ ಅಪ್ಪಿಕೊಂಡರು, ಯಾರೋ ಹೂವು ಕೊಟ್ಟರು, ಬಣ್ಣದ ಕಾಗದದ ಚೂರುಗಳು ಮೇಲಿನಿಂದ ಸುರಿದವು. ಆಮೇಲೆ ಅವಳ ಕಣ್ಣುಗಳು ಆ ಗದ್ದಲದಲ್ಲಿ ಒಬ್ಬಳನ್ನೇ ಹುಡುಕಿದವು. ಸಿಕ್ಕಿದಳು. ದುಭಾಷಿ ಆ ನೋಟಕ್ಕೆ ಸಿಗದೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದಳು.

ಪತ್ರಿಕೆಯವರ ಕೋಣೆಯಲ್ಲಿ ಇಬ್ಬರನ್ನೂ ಪಕ್ಕಪಕ್ಕದಲ್ಲೇ ಕೂರಿಸಿದರು. ಗೆದ್ದಿದ್ದೀರಿ, ಹೇಗನ್ನಿಸ್ತಿದೆ ಎಂದು ಮೊದಲ ಪ್ರಶ್ನೆ. ಕ್ಯಾಮೆರಾಗಳ ಮುಂದೆ ಹುಡುಗಿ ಹಲ್ಲು ಕಾಣುವಂತೆ ತುಟಿ ಹಿಗ್ಗಿಸಿಕೊಂಡು, ತಗ್ಗಿದ ದನಿಯಲ್ಲಿ ಇವಳನ್ನೇ ಕೇಳಿದಳು: "ಅವರಿಗೆ ಏನು ಹೇಳಿದ್ರಿ ಅಕ್ಕಾ? ಈಗಲಾದ್ರೂ ನಿಜ ಹೇಳಿ. ನನ್ನ ಕೈ ಬಿಡಬೇಡಿ."

ಮೈಕು ಕಾಯುತ್ತಿತ್ತು. ಈಗ ನಿಜ ಹೇಳಿದರೆ ಆಗ ಹೇಳಿದ್ದು ಸುಳ್ಳೆಂದಾಗುತ್ತದೆ. ಕಿರೀಟ ಹೋಗುತ್ತದೆ, ಇವಳ ಮರ್ಯಾದೆಯೂ ಹೋಗುತ್ತದೆ, ಆಸ್ಪತ್ರೆಯ ಕೆಲಸವೂ ಹೋಗುತ್ತದೆ.

"ಸಂತೋಷದಲ್ಲಿ ಮಾತೇ ಬರ್ತಿಲ್ಲ ಅಂತಿದಾರೆ" ಅಂದಳು.

ಹೊರಗೆ ಬರುವಾಗ ಮ್ಯಾನೇಜರು ಓಡಿಬಂದು ದೊಡ್ಡ ಹೂಗುಚ್ಛವೊಂದನ್ನು ಅವಳ ತೋಳಿಗೆ ತುರುಕಿದ. "ನೀವಿಲ್ದಿದ್ರೆ ನಾನು ಇವತ್ತು ಮುಳುಗಿಹೋಗ್ತಿದ್ದೆ ಮೇಡಂ. ನಮ್ಮ ದೇಶದಲ್ಲಿ ಕೇಳಿಸ್ಕೊಂಡೋರು ಕೇಳಿಸ್ಕೊಳ್ಲಿ ಬಿಡಿ, ಗೆದ್ದೋಳು ಏನಂದ್ರೂ ತಮಾಷೆನೇ." ಅವನ ಹಿಂದೆ ಕಾರಿನ ಕಿಟಕಿಯಲ್ಲಿ ಕಿರೀಟ ಕಾಣುತ್ತಿತ್ತು. ಹುಡುಗಿ ಇವಳ ಕಡೆ ತಿರುಗಲಿಲ್ಲ. ಮ್ಯಾನೇಜರು ಒಳಗೆ ಕೂತು ಬಾಗಿಲೆಳೆದುಕೊಂಡ. ಅವನ ಎರಡು ಬೆರಳು ಅವಳ ಕುತ್ತಿಗೆಯ ಮೇಲೆ ಕೂತದ್ದನ್ನು ದುಭಾಷಿ ಕಂಡಳು.

ಮನೆಗೆ ಬರುವಾಗ ಮಧ್ಯಾಹ್ನದ ಊಟದ ಹೊತ್ತು. ಮೆಟ್ಟಿಲ ಮೇಲೆ ಸಿಕ್ಕ ಕೆಳಮನೆಯವಳು "ಎಂಥಾ ಮಾತು ಹೇಳಿದ್ಲಪ್ಪಾ ಆ ಹುಡುಗಿ" ಎಂದು ಕೊಂಡಾಡಿದಳು. ಒಳಗೆ ಅಮ್ಮ ಟಿವಿ ಆರಿಸಿರಲಿಲ್ಲ, ಸದ್ದನ್ನು ಮಾತ್ರ ತೆಗೆದು ಕೂತಿದ್ದಳು. ಪರದೆಯ ಮೇಲೆ ಮತ್ತೆ ಮತ್ತೆ ಅದೇ ಕಿರೀಟ.

"ನೋಡಿದ್ಯಾ ಅಮ್ಮ?"

"ನೋಡಿದೆ. ಕೇಳಿಸ್ಕೊಂಡೆ ಕೂಡ." ಅಮ್ಮ ತನ್ನ ಭಾಷೆಯಲ್ಲಿ, ಎಂದಿನ ದನಿಯಲ್ಲೇ ಹೇಳಿದಳು. "ಆ ಹುಡುಗಿ ಹಸಿವು ಅಂದ್ಲು. ಮನೆಗೆ ಹೋಗ್ಬೇಕು ಅಂದ್ಲು. ನನ್ನ ಭಾಷೆ ನಾನಿನ್ನೂ ಮರೆತಿಲ್ಲ."

"ಅಷ್ಟು ಜನರ ಮುಂದೆ ಹಾಗೆ ಹೇಳೋಕಾಗುತ್ತಾ ಅಮ್ಮ? ಅವಳ ಒಳ್ಳೇದಕ್ಕೇ..."

"ನೀನು ಹೇಳಿದ್ದೂ ಕೇಳಿಸ್ಕೊಂಡೆ. ಚೆನ್ನಾಗಿತ್ತು. ಚಿಕ್ಕೋಳಿದ್ದಾಗಿಂದ್ಲೂ ಚೆನ್ನಾಗೇ ಹೇಳ್ತೀಯ ನೀನು."

ಮಗಳು ಹೂಗುಚ್ಛವನ್ನು ಮೇಜಿನ ಮೇಲಿಟ್ಟಳು. ಅದು ಉರುಳಿ ಬೀಳುವ ಹಾಗಿತ್ತು, ಹಿಡಿದುಕೊಂಡೇ ನಿಂತಳು.

"ನಿಮ್ಮಜ್ಜಿಗೆ ನಿಜವಾಗ್ಲೂ ಹಲ್ಲುನೋವಿತ್ತಾ?" ಎಂದು ಅಮ್ಮ ಕೇಳಿದಳು.

ಮಗಳು ಹೂಗುಚ್ಛವನ್ನು ಗೋಡೆಗೆ ಒರಗಿಸಿದಳು.

"ಅಷ್ಟು ವರ್ಷ ಉಪ್ಪುನೀರು ಕಾಯಿಸಿದೆನಲ್ಲ. ಒಂದು ದಿನಾನೂ ಬಾಯಿ ಮುಕ್ಕಳಿಸಲಿಲ್ಲ ಆಕೆ. ಕಾಲಿಗೆ ಸುರ್ಕೋತಿದ್ರು. ಇದೇನು ಪದ್ಧತಿನೋ ಅಂತ ಸುಮ್ನಿದ್ದೆ." ಅಮ್ಮ ಟಿವಿಯಿಂದ ಕಣ್ಣು ತೆಗೆದು ಮಗಳನ್ನು ನೋಡಿದಳು. "ನಮ್ಮಣ್ಣ ಬಂದ ದಿನ ಆಕೆ ಏನಂದ್ರು? ಒಂದಕ್ಷರ ಬಿಡದೆ ಹೇಳು."

ಅಜ್ಜಿಯ ಮಾತು ಮಗಳಿಗೆ ಇಡಿಯಾಗಿ ನೆನಪಿತ್ತು, ಪೀಡೆ ಎಂಬ ಪದದ ಮೇಲೆ ಅಜ್ಜಿ ಹಲ್ಲು ಕಚ್ಚಿದ್ದು ಕೂಡ. ಈಗ ಹೇಳಿಬಿಡಬಹುದಿತ್ತು. ಹೇಳಿದರೆ ಚಮಚದಲ್ಲಿ ಉಣಿಸಿದ ಆ ವರ್ಷಗಳೆಲ್ಲ ಏನಾಗುತ್ತವೆ? ಒಂಟಿಯಾಗಿ ಬಸ್ಸು ಹತ್ತಿದ ಮಾವ, ಕಪಾಟಿಗೆ ಮರಳಿದ ಸೀರೆಗಳು? ಅಮ್ಮ ಕಾಯುತ್ತಿದ್ದಳು. ಬೆಳಗ್ಗೆ ಆ ಹುಡುಗಿ ಮೈಕು ಕೊಟ್ಟು ಕಾದ ಹಾಗೆಯೇ ಕಾಯುತ್ತಿದ್ದಳು.

"ನೀನು ಹೋದ್ರೆ ದೀಪ ಹಚ್ಚೋರು ಯಾರು ಅಂದ್ರು ಅಮ್ಮ" ಅಂದಳು ಮಗಳು.

ಅಮ್ಮ ತಲೆಯಾಡಿಸಿದಳು. ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ಒಂದೇ ತಟ್ಟೆಯಿತ್ತು. ಅದನ್ನು ಹೂಗುಚ್ಛದ ಪಕ್ಕದಲ್ಲಿಟ್ಟು ಮಾತಾಡಿದಳು, ತನ್ನ ಭಾಷೆಯಲ್ಲಲ್ಲ, ತರಕಾರಿಯವನ ಹತ್ತಿರ ಆಡುವ ಊರಿನ ಭಾಷೆಯಲ್ಲಿ, ತಡವರಿಸುತ್ತ.

"ನೀನು ತಿನ್ನು. ನಂಗೆ ಹಸಿವಿಲ್ಲ."